ಮೂವತ್ತೆರಡು ಕೋರು, ಅರವತ್ತನಾಲ್ಕು ದಾರ

ಚೀಟಿ ಇಷ್ಟೇ ಇಷ್ಟಿತ್ತು. ಅಂಗೈ ಮುಚ್ಚಿದರೆ ಕಾಣಿಸುತ್ತಿರಲಿಲ್ಲ. ಅಷ್ಟು ಚಿಕ್ಕ ಚೀಟಿ ಇಡೀ ಕಾರ್ಖಾನೆಯನ್ನು ತಲೆಕೆಳಗು ಮಾಡೀತು ಎಂದು ಬೆಳಿಗ್ಗೆ ಎಂಟು ಗಂಟೆಗೆ ಯಾರಿಗೂ ಅನ್ನಿಸಿರಲಿಲ್ಲ. ದಾರದಣ್ಣನಿಗಂತೂ ಅನ್ನಿಸಲೇ ಇಲ್ಲ.

ದಾರದಣ್ಣ ಎಂದರೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಸ್ಟೋರು ನೋಡಿಕೊಳ್ಳುವವನು. ದಾರ, ಗುಂಡಿ, ಜಿಪ್ಪು, ಸೂಜಿ, ಬಲ್ಬು, ಯಾರಿಗೆ ಏನು ಬೇಕಾದರೂ ಒಂದು ಚೀಟಿ ಬರೆದು ಅವನ ಕಿಂಡಿಯೊಳಗೆ ತೂರಬೇಕು. ಚೀಟಿಯಲ್ಲಿದ್ದದ್ದು ಅದೇ ಕಿಂಡಿಯಿಂದ ಹೊರಗೆ ಬರುತ್ತದೆ. ಕಾರ್ಖಾನೆಯ ಹಿಂದಿನ ಗೋಡೆ ಕುಸಿದ ವರ್ಷ ಕೆಲಸಕ್ಕೆ ಸೇರಿದವನು, ಅಲ್ಲಿಗೆ ಇಪ್ಪತ್ತಾರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಚೀಟಿಯಲ್ಲಿ ಇಲ್ಲದ್ದನ್ನು ಕೊಟ್ಟವನಲ್ಲ, ಇದ್ದದ್ದನ್ನು ಕೊಡದೆ ಬಿಟ್ಟವನೂ ಅಲ್ಲ. ಒಮ್ಮೆ ಯಾರೋ ಅವಸರದಲ್ಲಿ ಎರಡು ಕತ್ತರಿ ಎಂದು ಬರೆಯಲು ಹೋಗಿ ಇನ್ನೊಂದು ಎರಡನ್ನು ಪಕ್ಕದಲ್ಲಿ ಎಳೆದುಬಿಟ್ಟಿದ್ದರು. ದಾರದಣ್ಣ ಇಪ್ಪತ್ತೆರಡು ಕತ್ತರಿ ಎಣಿಸಿ ಕೊಟ್ಟ. ಉಳಿದವರೆಲ್ಲ ಆ ದಿನ ಹಲ್ಲಿನಲ್ಲಿ ದಾರ ಕಡಿದರು.

ಮನೆಯಲ್ಲೂ ಅವನ ಸಂಸಾರ ಚೀಟಿಯ ಮೇಲೆಯೇ ನಡೆಯುತ್ತಿತ್ತು. ಹೆಂಡತಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಸಂಜೆ ಆರೂವರೆಗೆ ಅವಳು ಮನೆ ಬಿಡುತ್ತಾಳೆ, ಏಳೂವರೆಗೆ ಇವನು ಬರುತ್ತಾನೆ. ಬೆಳಿಗ್ಗೆ ಇವನು ಹೊರಟ ಮೇಲೆ ಅವಳು ಬರುತ್ತಾಳೆ. ಇವನು ಎದ್ದಿರುವಾಗ ಅವಳ ನಿದ್ದೆ, ಅವಳು ಎದ್ದಿರುವಾಗ ಇವನ ನಿದ್ದೆ, ಹಾಗಾಗಿ ಫೋನಿಗೂ ಹೊತ್ತಿರಲಿಲ್ಲ. ಅಡುಗೆಮನೆ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದರು. 'ಗ್ಯಾಸ್ ಮುಗಿಯುತ್ತಾ ಬಂದಿದೆ' ಎಂದು ಅವಳು. ಅದರ ಕೆಳಗೆ 'ಗೊತ್ತು' ಎಂದು ಇವನು. ಅದರ ಕೆಳಗೆ 'ಗೊತ್ತಿದ್ದರೆ ಉರಿಯುವುದಿಲ್ಲ' ಎಂದು ಅವಳು. ಒಂದು ಜಗಳ ಮುಗಿಯಲು ನಾಲ್ಕು ದಿನ ಹಿಡಿಯುತ್ತಿತ್ತು. ರಾಜಿಯಾಗಲು ಇನ್ನೂ ಎರಡು ದಿನ.

ಇದೆಲ್ಲಕ್ಕೂ ಕಾರಣ ಸ್ಟಾಕ್ ಪುಸ್ತಕ. ಐದಕ್ಕೆ ಗಂಟೆ ಬಾರಿಸಿ ಎಲ್ಲರೂ ಮನೆಗೆ ಹೋದ ಮೇಲೆ ದಾರದಣ್ಣ ಒಬ್ಬನೇ ಕೂತು ಅಂದಿನ ಚೀಟಿಗಳನ್ನೆಲ್ಲ ಪುಸ್ತಕಕ್ಕೆ ಏರಿಸಬೇಕಿತ್ತು. ಜೊತೆಗಿದ್ದ ಗುಮಾಸ್ತ ಮೂರು ವರ್ಷದ ಹಿಂದೆ ಕೆಲಸ ಬಿಟ್ಟಿದ್ದ. ಅವನ ಕುರ್ಚಿ ಇನ್ನೂ ಇತ್ತು, ಅದರ ಮೇಲೆ ಜಿಪ್ಪಿನ ಡಬ್ಬ ಇಟ್ಟಿದ್ದರು.

ಹೋದ ವಾರ ಕಾರ್ಖಾನೆಯ ಒಡತಿ, ಎಲ್ಲರೂ ಅಮ್ಮಾವ್ರು ಎನ್ನುವವರು, ಕಿಂಡಿಯ ಹತ್ತಿರ ಬಂದು ಹೇಳಿದ್ದರು: "ಹೊಸ ಯಂತ್ರ ತರಿಸೋ ಯೋಚನೆ ಇದೆ. ನಿಮ್ಮ ಪುಸ್ತಕ ಅದೇ ಬರ್ಕೊಳ್ಳುತ್ತಂತೆ. ಆಮೇಲೆ ನೀವೂ ಐದಕ್ಕೆ ಮನೆಗೆ ಹೋಗಿ. ಬರೋ ಶುಕ್ರವಾರ ನಾಲ್ಕಕ್ಕೆ ತೀರ್ಮಾನ ಮಾಡ್ತೀನಿ. ಹೌದು ಅಂದ್ರೆ ಅವತ್ತಿಂದಾನೇ ನಿಮಗೆ ಐದಕ್ಕೆ ಬಿಡುಗಡೆ, ಬಾಕಿ ಚೀಟೀನೂ ಯಂತ್ರವೇ ಬರ್ಕೊಳ್ಳುತ್ತೆ."

ದಾರದಣ್ಣ ಅದನ್ನು ಮನೆಯ ಬಾಗಿಲಿಗೆ ಅಂಟಿಸಿದ. ಗುರುವಾರ ರಾತ್ರಿ ಮನೆಗೆ ಬಂದಾಗ ಅದರ ಕೆಳಗೆ ಉತ್ತರವಿತ್ತು: 'ನಾಳೆ ಬೇಗ ಎದ್ದು ಐದೂವರೆಗೆ ಎರಡು ತಟ್ಟೆ ಇಡುತ್ತೇನೆ. ಸುಳ್ಳಾದರೆ ಒಂದನ್ನೇ ತೊಳೆಯುತ್ತೇನೆ.'

ಶುಕ್ರವಾರ ಬೆಳಿಗ್ಗೆ ಅವನು ಅದನ್ನು ಮತ್ತೆ ಮೂರು ಸಲ ಓದಿ, ಕೂದಲಿಗೆ ಎಣ್ಣೆ ಹಚ್ಚಿ, ಒಳ್ಳೆಯ ಅಂಗಿ ತೊಟ್ಟು ಕಾರ್ಖಾನೆಗೆ ಬಂದ. ಕಿಂಡಿಯಲ್ಲಿ ಆ ಇನ್ನೊಂದು ಚೀಟಿ ಕಾದಿತ್ತು. ಬರೆದವರು ಆಫೀಸಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕಂಪ್ಯೂಟರ್ ಮೇಡಂ. ಅವರು ಅಂದು ದವಡೆ ಹಲ್ಲು ಕೀಳಿಸಲು ರಜೆ ಹಾಕಿದ್ದರು.

'ಸರ್ವರ್ – ೧. ಕೋರ್ – ೩೨. ಥ್ರೆಡ್ – ೬೪. ಸಾಕೆಟ್ – ೨. ಕ್ಯಾಶ್ – ಮೂರು ಹಂತ. ಕ್ಲಾಕ್ – ೨.೪, ಟರ್ಬೊ ೩.೬. ಮೆಮೊರಿ ಚಾನೆಲ್ – ೮. ನಾಲ್ಕು ಗಂಟೆಗೆ ಅಮ್ಮಾವ್ರ ರೂಮಿಗೆ. ಮರೀಬೇಡಿ ಅಣ್ಣಾ, ಎಲ್ಲಾ ನಿಮ್ಮ ಕೈಲಿದೆ.'

ಬೇರೆ ಯಾರಾದರೂ ಆಗಿದ್ದರೆ ಇದೇನು ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ದಾರದಣ್ಣ ಕೆರೆದುಕೊಳ್ಳಲಿಲ್ಲ. ಬಟ್ಟೆ ಹೊಲಿಯುವ ಕಡೆ ಕೋರ್ ಎಂದರೆ ದಪ್ಪ ಪ್ಯಾಂಟಿಗೆ ಹಾಕುವ ದಾರ. ನಡುವೆ ಗಟ್ಟಿ ಎಳೆ, ಮೇಲೆ ಹತ್ತಿ. ಥ್ರೆಡ್ ಎಂದರೆ ಮಾಮೂಲಿ ದಾರ. ಬಣ್ಣ ಬರೆದಿರಲಿಲ್ಲ. ಬಣ್ಣ ಬರೆಯದಿದ್ದರೆ ಬಿಳಿ, ಇದು ಇಪ್ಪತ್ತಾರು ವರ್ಷದ ನಿಯಮ. ಮೂವತ್ತೆರಡು ಉಂಡೆ ಕೋರು, ಅರವತ್ತನಾಲ್ಕು ಉಂಡೆ ದಾರ ಎಣಿಸಿ ಎರಡು ಚೀಲಕ್ಕೆ ತುಂಬಿದ. ಸ್ಟೋರಿನಲ್ಲಿದ್ದ ಬಿಳಿಯೆಲ್ಲ ಖಾಲಿಯಾಯಿತು.

ಸಾಕೆಟ್ಟು ಕಪಾಟಿನಲ್ಲೇ ಇತ್ತು, ಎರಡು ತೆಗೆದ. ಚಾನೆಲ್ಲು ಎಂದರೆ ಪರದೆ ಜಾರಲು ಹಾಕುವ ತಗಡಿನ ಪಟ್ಟಿ. ಮೆಮೊರಿ ಅದರ ಕಂಪನಿ ಇರಬೇಕು ಎಂದುಕೊಂಡು ಎಂಟು ಪಟ್ಟಿ ಹೊರಗಿಟ್ಟ. ಟರ್ಬೊ ಎಂಬ ಹೆಸರನ್ನು ಅವನು ಇಸ್ತ್ರಿ ವಿಭಾಗದ ನಿಲುವು ಫ್ಯಾನುಗಳ ಹೊಟ್ಟೆಯ ಮೇಲೆ ಎಷ್ಟೋ ಸಲ ಓದಿದ್ದ. ಹೋಗಿ ಮೂರನ್ನು ಎತ್ತಿಕೊಂಡು ಬಂದ. ಗಡಿಯಾರ ಸ್ಟೋರಿನಲ್ಲಿ ಇರಲಿಲ್ಲ. ಏಣಿ ಹಾಕಿ ಹೊಲಿಗೆ ಹಾಲಿನ ಗೋಡೆಯಿಂದ ಒಂದು, ಕತ್ತರಿಸುವ ಕೋಣೆಯಿಂದ ಒಂದು ಇಳಿಸಿದ. ಆಮೇಲೆ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದ: 'ಕ್ಲಾಕ್ ಕೊಟ್ಟಿದ್ದು ೨, ಬಾಕಿ ೦.೪. ಟರ್ಬೊ ಕೊಟ್ಟಿದ್ದು ೩, ಬಾಕಿ ೦.೬.'

ಕ್ಯಾಶು ಅವನ ಕೈಯಲ್ಲಿರಲಿಲ್ಲ. ಲೆಕ್ಕದವರ ಮೇಜಿಗೆ ಹೋಗಿ ಕೇಳಿದ.

"ಕ್ಯಾಶು ಮೂರು ಹಂತದಲ್ಲಿ ಬೇಕಂತೆ."

"ಎಷ್ಟು?"

"ಹಂತ ಬರ್ದಿದಾರೆ. ಎಷ್ಟು ಅಂತ ಬರ್ದಿಲ್ಲ."

ಲೆಕ್ಕದವರು ಕನ್ನಡಕ ತೆಗೆದು ಅವನನ್ನು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು. "ಎಷ್ಟು ಅಂತ ಹೇಳ್ದೆ ದುಡ್ಡು ಕೇಳೋ ಧೈರ್ಯ ನಮ್ಮ ಅಳಿಯನಿಗೂ ಇಲ್ಲ ಕಣಯ್ಯಾ," ಎಂದು ಡ್ರಾಯರಿಗೆ ಬೀಗ ಹಾಕಿಕೊಂಡು ಹೊರಗೆ ಹೋದರು.

ಉಳಿದದ್ದು ಸರ್ವರ್. ಅದು ಎಲ್ಲಕ್ಕಿಂತ ಸುಲಭ. ಕ್ಯಾಂಟೀನಿನಲ್ಲಿ ಸರ್ವರ್ ಇದ್ದದ್ದೇ ಒಬ್ಬ. ಯಾರ ತಂಗಿಯನ್ನು ಮದುವೆಯಾಗಿದ್ದನೋ, ಇಡೀ ಕಾರ್ಖಾನೆ ಅವನನ್ನು ಟ್ರೇ ಭಾವ ಎನ್ನುತ್ತಿತ್ತು. ಒಂದು ಕೈಯಲ್ಲಿ ಹದಿನಾಲ್ಕು ಲೋಟ ಟೀ ಹಿಡಿದು ಬಾಗಿಲನ್ನು ಮೊಣಕೈಯಲ್ಲಿ ತೆಗೆಯುವ ಮನುಷ್ಯ.

"ಭಾವಾ, ನಾಲ್ಕಕ್ಕೆ ಅಮ್ಮಾವ್ರ ರೂಮಿಗೆ ನೀನು ಬರ್ಬೇಕು."

ಲೋಟಗಳು ಕಿಣಿಕಿಣಿ ಅಂದವು. "ನಾನಾ? ಯಾಕಣ್ಣಾ?"

"ಯಾಕೋ ಗೊತ್ತಿಲ್ಲ. ಚೀಟೀಲಿ ಎಲ್ಲರಿಗಿಂತ ಮೊದಲು ನೀನೇ ಇದೀಯ."

"ಆ ಬನ್ನಿನ ವಿಷಯಾನಾ?"

"ಯಾವ ಬನ್ನು?"

"ಉಳಿದಿದ್ದನ್ನ ಮಾತ್ರ ತಗೊಂಡು ಹೋಗಿದ್ದು ಕಣಣ್ಣಾ. ಉಳಿದಿರ್ಲಿ ಅಂತ ನಾನೇ ಸ್ವಲ್ಪ ಉಳಿಸ್ತಿದ್ದೆ, ಅದು ಬೇರೆ ಮಾತು."

"ಚೀಟೀಲಿ ಬನ್ನು ಇಲ್ಲ."

"ಹಾಗಿದ್ರೆ ಇನ್ನೂ ದೊಡ್ಡದೇ ಏನೋ ಇದೆ," ಎಂದ ಟ್ರೇ ಭಾವ. ಅವನ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು. ಅಂದು ಬೆಳಗಿನ ಟೀ ಯಾರಿಗೂ ಹೋಗಲಿಲ್ಲ.

ಹೋಗಬೇಕಾದ ಹೊತ್ತು ಯಾವುದೆಂದೂ ಯಾರಿಗೂ ತಿಳಿಯಲಿಲ್ಲ. ಹೊಲಿಗೆ ಹಾಲಿನಲ್ಲಿ ಗೋಡೆಯ ಮೇಲೆ ಗಡಿಯಾರವಿದ್ದ ಜಾಗದಲ್ಲಿ ಒಂದು ಬಿಳಿ ಸುತ್ತು ಮಾತ್ರ ಉಳಿದಿತ್ತು. ಅಲ್ಲಿ ಕೆಲಸ ಮಾಡುವಾಗ ಮೊಬೈಲು ಇಟ್ಟುಕೊಳ್ಳುವಂತಿಲ್ಲ, ಗೇಟಿನಲ್ಲೇ ಕೊಟ್ಟು ಬರಬೇಕು. ಹತ್ತು ನಿಮಿಷಕ್ಕೊಬ್ಬರು ಎದ್ದು ಆಯ್ತಾ, ಊಟದ ಹೊತ್ತಾಯ್ತಾ ಎಂದು ಕೇಳತೊಡಗಿದರು. ಇಸ್ತ್ರಿಯವರು ಬೆವರು ಒರೆಸಿ ಒರೆಸಿ, ಒರೆಸಿದ ಬಟ್ಟೆಯನ್ನೇ ಇಸ್ತ್ರಿ ಮಾಡಿ ಮತ್ತೆ ಒರೆಸಿಕೊಂಡರು. ಶರ್ಟಿನ ಸಾಲಿನಲ್ಲಿ ಬಿಳಿ ದಾರ ಮುಗಿದು ಹನ್ನೊಂದು ಮೆಷಿನ್ನು ನಿಂತವು.

ಸಾಲು ನೋಡಿಕೊಳ್ಳುವ ಲೈನ್ ಅಕ್ಕ ಕಿಂಡಿಗೆ ಬಂದರು. ಆಕೆ ನಡೆದು ಬಂದರೆ ನೆಲಕ್ಕೆ ಗೊತ್ತಾಗುತ್ತಿತ್ತು.

"ಬಿಳಿ ದಾರ ಎಲ್ಲಿ?"

"ಇಲ್ಲ ಅಕ್ಕ."

"ಕಾಣ್ತಿದೆಯಲ್ಲ, ಅಲ್ಲಿ ಚೀಲದ ತುಂಬಾ?"

"ಇದೆ. ಆದ್ರೆ ಬೇರೆ ಚೀಟಿಯದು."

"ಗಡಿಯಾರ?"

"ಅದೂ ಅದೇ ಚೀಟಿಯದು."

"ಯಾವ ಮಹಾರಾಜನ ಚೀಟಿ ಅದು, ಇಲ್ಲಿ ಕೊಡು," ಎಂದು ಕಿಂಡಿಯೊಳಗೆ ಕೈ ಹಾಕಿ ಕಿತ್ತುಕೊಂಡರು. ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಸ್ಟೋರಿನೊಳಗೆ ಇಣುಕಿ, ಚೀಲ, ತಗಡಿನ ಪಟ್ಟಿ, ಫ್ಯಾನು, ಟಿಕ್ ಟಿಕ್ ಎನ್ನುವ ಎರಡು ಗಡಿಯಾರ, ಮೂಲೆಯಲ್ಲಿ ಒಗೆದ ಅಂಗಿ ಹಾಕಿಕೊಂಡು ನಾಲ್ಕು ಗಂಟೆಗಾಗಿ ಕೂತಿದ್ದ ಟ್ರೇ ಭಾವ, ಎಲ್ಲವನ್ನೂ ನಿಧಾನವಾಗಿ ನೋಡಿದರು.

"ಅಣ್ಣಾ, ಸರ್ವರ್ ಅಂದ್ರೆ ಇವನಲ್ಲ."

"ಮತ್ತೆ ಬೇರೆ ಯಾರು? ಕ್ಯಾಂಟೀನಲ್ಲಿ ಇರೋದು ಇವನೊಬ್ಬನೇ."

"ಅಯ್ಯೋ ನನ್ನ ಕರ್ಮವೇ. ಅದು ಆ ಹೊಸ ಯಂತ್ರದ ಹೆಸರು. ನನ್ನ ಮಗಳ ಕಾಲೇಜಲ್ಲೂ ಇದೆ. ಇದು ಸಾಮಾನಿನ ಪಟ್ಟಿ ಅಲ್ಲ, ಆ ಯಂತ್ರ ಹೇಗಿದೆ ಅನ್ನೋ ವಿವರ. ನಾಲ್ಕಕ್ಕೆ ಮೇಲೆ ಹೋಗಿ ನೀನು ಅಮ್ಮಾವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕು. ನೆಟ್ಟಗೆ ಹೇಳ್ಲಿಲ್ಲ ಅಂದ್ರೆ ಅವ್ರು ಬೇಡ ಅಂತಾರೆ. ಅರ್ಥ ಆಗದ್ದಕ್ಕೆ ಅವ್ರು ಯಾವತ್ತು ಸಹಿ ಹಾಕಿದಾರೆ?"

ದಾರದಣ್ಣ ಚೀಟಿಯನ್ನು ಮತ್ತೆ ಇಸಿದುಕೊಂಡು ನೋಡಿದ. ಮೇಜಿನ ಮೇಲೆ ಎರಡನೆಯ ತಟ್ಟೆ ಕಣ್ಣೆದುರಿಗೆ ಬಂತು, ಬಂದ ಹಾಗೇ ಹೋಯಿತು. ಟ್ರೇ ಭಾವ ಮಾತ್ರ ಎದ್ದು ನಿಂತು, "ಹಾಗಿದ್ರೆ ನಾನು ಬನ್ನಿನ ವಿಷಯ ಹೇಳಿದ್ದು ದಂಡ ಆಯ್ತಲ್ಲಣ್ಣಾ," ಎಂದ.

ಲೈನ್ ಅಕ್ಕ ಬಿಳಿ ದಾರದ ಚೀಲ ಎತ್ತಿಸಿ ಸಾಲಿಗೆ ಕಳಿಸಿದರು. ಗಡಿಯಾರ ಗೋಡೆಗೆ ಹೋಯಿತು, ಫ್ಯಾನು ಇಸ್ತ್ರಿಗೆ ಹೋಯಿತು. ಆಮೇಲೆ ಸ್ಟೋರಿನ ಫೋನಿನಿಂದ ಕಂಪ್ಯೂಟರ್ ಮೇಡಂಗೆ ಹಚ್ಚಿದರು. ಗಂಡಸಿನ ಧ್ವನಿ ಬಂತು.

"ಯಾರ್ರೀ ಅದು? ಈಗಷ್ಟೇ ಹಲ್ಲು ತೆಗ್ದಿದೀನಿ. ಅವ್ರ ಬಾಯಿ ತುಂಬ ಹತ್ತಿ ಇದೆ. ಎರಡು ಗಂಟೆ ಮಾತಾಡೋ ಹಾಗಿಲ್ಲ."

"ಡಾಕ್ಟ್ರೇ, ಅವ್ರು ಮಾತಾಡೋದು ಬೇಡ. ನಾವು ಮಾತಾಡ್ತೀವಿ, ಅವ್ರು ಬರೀ ಕೇಳ್ಲಿ," ಎಂದರು ಲೈನ್ ಅಕ್ಕ. "ಮೇಡಂ, ಹೌದು ಅಂದ್ರೆ ಒಂದು ಉಂ, ಅಲ್ಲ ಅಂದ್ರೆ ಎರಡು. ಗೊತ್ತಾಯ್ತಾ?"

"ಉಂ."

ಫೋನು ದಾರದಣ್ಣನ ಕೈಗೆ ಬಂತು. ಅವನು ಗಂಟಲು ಸರಿಮಾಡಿಕೊಂಡ.

"ಮೇಡಂ, ಕೋರ್ ಅಂದ್ರೆ ದಾರಾನಾ?"

"ಉಂ ಉಂ."

"ಥ್ರೆಡ್ ಅಂದ್ರೆ?"

"ಉಂ ಉಂ."

"ಥ್ರೆಡ್ಡೂ ದಾರ ಅಲ್ಲ!" ಎಂದು ದಾರದಣ್ಣ ಲೈನ್ ಅಕ್ಕನ ಕಡೆ ತಿರುಗಿದ. ಇಪ್ಪತ್ತಾರು ವರ್ಷದಿಂದ ಕಾಲಡಿ ಇದ್ದ ನೆಲ ಜಾರಿದಂತಿತ್ತು ಅವನ ಮುಖ.

"ಹಾಗೆ ಕೇಳಿದ್ರೆ ಸಂಜೆಯಾಗುತ್ತೆ," ಎಂದರು ಅಕ್ಕ. "ನಮ್ಮಲ್ಲಿರೋದಕ್ಕೆ ಹೋಲಿಸಿ ಕೇಳು. ಮೇಡಂ, ಕೋರ್ ಅಂದ್ರೆ ಕೆಲಸ ಮಾಡೋದು, ಅಲ್ವಾ? ಮೆಷಿನ್ ಮುಂದೆ ಕೂತ ಟೈಲರ್ ಇದ್ದ ಹಾಗೆ?"

"ಉಂ! ಉಂ!"

"ಅಲ್ಲ ಅಂತಿದಾರೆ," ಎಂದ ದಾರದಣ್ಣ.

"ಅಲ್ಲ ಕಣೋ, ಅದು ಖುಷಿಯ ಎರಡು ಉಂ. ಅಲ್ವಾ ಮೇಡಂ?"

"ಉಂ."

ಹೀಗೆ ದಾರಿ ಸಿಕ್ಕಿತು. ಮೂವತ್ತೆರಡು ಕೋರ್ ಎಂದರೆ ಒಂದೇ ಬಿಲ್ಲೆಯ ಒಳಗೆ ಮೂವತ್ತೆರಡು ಟೈಲರು. ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಕೆಲಸ, ಅದೇ ಥ್ರೆಡ್. ಒಂದು ಕೆಲಸದ ಬಟ್ಟೆ ಗೋದಾಮಿನಿಂದ ಬರುವುದು ತಡವಾದರೆ ಟೈಲರು ಸುಮ್ಮನೆ ಕೂರುವುದಿಲ್ಲ, ಇನ್ನೊಂದನ್ನು ಹೊಲಿಯುತ್ತಾನೆ. "ಟೈಲರು ಒಬ್ಬನೇ, ಕೆಲಸ ಎರಡು?" ಎಂದು ಕೇಳಿದರೆ "ಉಂ" ಬಂತು. "ಎರಡು ಪಟ್ಟು ಆಗುತ್ತಾ?" ಎಂದರೆ "ಉಂ ಉಂ". "ಒಂದಕ್ಕಿಂತ ಜಾಸ್ತಿ, ಎರಡಕ್ಕಿಂತ ಕಡಿಮೆ?" ಎಂದರೆ ಉದ್ದನೆಯ ಒಂದು "ಉಂ".

ಕ್ಯಾಶ್ ದುಡ್ಡಲ್ಲ. ಟೈಲರ ಪಕ್ಕದ ಡಬ್ಬ. ಪದೇ ಪದೇ ಬೇಕಾಗುವ ಗುಂಡಿ ಮೇಜಿನ ಮೇಲೆ, ಅದಕ್ಕಿಂತ ಸ್ವಲ್ಪ ಕಡಿಮೆ ಬೇಕಾದದ್ದು ಡ್ರಾಯರಿನಲ್ಲಿ, ಎಲ್ಲರಿಗೂ ಸೇರಿದ್ದು ಹಾಲಿನ ನಡುವಿನ ಕಪಾಟಿನಲ್ಲಿ. ಮೂರು ಹಂತ. ಮೂರರಲ್ಲೂ ಸಿಗದಿದ್ದರೆ ಮಾತ್ರ ಗೋದಾಮಿಗೆ ಓಡಬೇಕು, ಮೆಮೊರಿ ಎಂದರೆ ಆ ಗೋದಾಮು. ಗೋದಾಮಿಗೆ ಎಂಟು ಬಾಗಿಲು, ಅದೇ ಚಾನೆಲ್ಲು. ಸಾಕೆಟ್ ಎರಡು ಎಂದರೆ ಎರಡು ಹಾಲು. ಈಗ ಒಂದರಲ್ಲಿ ಟೈಲರುಗಳು, ಇನ್ನೊಂದು ಖಾಲಿ, ಮುಂದೆ ಬೇಕಾದರೆ ಇನ್ನೂ ಮೂವತ್ತೆರಡು ಜನರನ್ನು ಕೂರಿಸಬಹುದು. ಕ್ಲಾಕ್ ಎಂದರೆ ಮೆಷಿನ್ನಿನ ಓಟ. ಟರ್ಬೊ ಬಿಡಿಸಲು ಹತ್ತು ನಿಮಿಷ ಹಿಡಿಯಿತು. ಕಡೆಗೆ ತಿಳಿದದ್ದು ಇಷ್ಟು: ಉಳಿದವರು ಕೆಲಸವಿಲ್ಲದೆ ಕೂತಾಗ ಅವರ ಪಾಲಿನ ಕರೆಂಟು, ಗಾಳಿ ಎಲ್ಲ ಒಬ್ಬನಿಗೇ ಸಿಕ್ಕು ಅವನು ಇನ್ನೂ ಜೋರಾಗಿ ಹೊಲಿಯುತ್ತಾನೆ.

"ಇದಿಷ್ಟೇನಾ ಮೇಡಂ?"

"ಉಂ," ಎಂದರು ಮೇಡಂ. ಹಿಂದಿನಿಂದ ಡಾಕ್ಟರು, "ನನಗೂ ಈಗ ಗೊತ್ತಾಯ್ತು ಕಣ್ರೀ," ಎಂದದ್ದು ಕೇಳಿಸಿತು.

ಊಟದ ಹೊತ್ತಿನಲ್ಲಿ ದಾರದಣ್ಣ ಊಟ ಮಾಡಲಿಲ್ಲ. ಗುಂಡಿಯ ಡಬ್ಬಗಳ ನಡುವೆ ಅತ್ತಿಂದಿತ್ತ ನಡೆಯುತ್ತಾ ಬಾಯಿಪಾಠ ಮಾಡಿದ. ದಾರ ಕೇಳಲು ಕಿಂಡಿಗೆ ಬಂದವರಿಗೆಲ್ಲ ಒಂದೊಂದು ಸಲ ಒಪ್ಪಿಸಿದ. ಕತ್ತರಿಸುವ ಕೋಣೆಯವನೊಬ್ಬ ಎಲ್ಲವನ್ನೂ ಕೇಳಿ, "ಅಂದ್ರೆ ಅದೂ ನಮ್ಮ ಹಾಗೇ ದುಡೀತಿದೆ, ಪಾಪ," ಎಂದು ನಿಟ್ಟುಸಿರು ಬಿಟ್ಟು ಹೋದ. ಲೈನ್ ಅಕ್ಕ ದಾರದಣ್ಣನ ಕಾಲರು ಸರಿಮಾಡಿ, "ತೊದಲಬೇಡ. ಅವ್ರು ಏನು ಕೇಳಿದ್ರೂ ನಮ್ಮ ಹಾಲ್ ತೋರಿಸಿ ಹೇಳು," ಎಂದು ಕಳಿಸಿದರು.

ಅಮ್ಮಾವ್ರ ರೂಮು ಮೇಲಿನ ಮಹಡಿಯಲ್ಲಿ, ಒಂದು ಬದಿಗೆ ಪೂರ್ತಿ ಗಾಜು. ಅಲ್ಲಿಂದ ನೋಡಿದರೆ ಹೊಲಿಗೆ ಹಾಲಿನ ಒಂದೊಂದು ತಲೆಯೂ ಕಾಣುತ್ತದೆ. ಯಂತ್ರ ಮಾರುವ ಕಂಪನಿಯವನು ಟೈ ಕಟ್ಟಿಕೊಂಡು ಆಗಲೇ ಬಂದಿದ್ದ. ಗೋಡೆಯ ಮೇಲೆ ಚಿತ್ರ ಮೂಡಿಸಿ ಮಾತಾಡುತ್ತಿದ್ದ. ಅವನ ಬಾಯಿಂದ ಗಿಗಾ, ಮೆಗಾ, ನ್ಯಾನೊ ಎಂದು ಪಟಪಟ ಉದುರುತ್ತಿತ್ತು, ಸೂಜಿಯ ಡಬ್ಬ ಕೈತಪ್ಪಿ ಬಿದ್ದ ಹಾಗೆ. ಅಮ್ಮಾವ್ರು ಗೋಡೆಯನ್ನು ಗೋಡೆಯ ಹಾಗೇ ನೋಡುತ್ತಾ ಕೂತಿದ್ದರು. ಅರ್ಧ ಗಂಟೆಯಾದ ಮೇಲೆ ಕೈ ಎತ್ತಿ ನಿಲ್ಲಿಸಿದರು.

"ನನಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಸ್ಟೋರಿನವ್ರೇ, ನಿಮಗೇನಾದ್ರೂ ಆಯ್ತಾ?"

ದಾರದಣ್ಣ ಎದ್ದು ಗಾಜಿನ ಹತ್ತಿರ ಹೋದ. 

"ಅಮ್ಮಾ, ಕೆಳಗೆ ನೋಡಿ. ಎಷ್ಟು ಮೆಷಿನ್ ಇದಾವೆ?"

"ಮೂವತ್ತೆರಡು."

"ಅದೇ ಮೂವತ್ತೆರಡು ಕೋರು."

ಅಮ್ಮಾವ್ರು ಕುರ್ಚಿಯಿಂದ ಎದ್ದು ಬಂದು ಅವನ ಪಕ್ಕ ನಿಂತರು. ಅವನು ಹೇಳುತ್ತಾ ಹೋದ. ಮೇಜು, ಡ್ರಾಯರು, ಕಪಾಟು, ಗೋದಾಮು. ಎರಡು ಕೆಲಸದ ಒಬ್ಬ ಟೈಲರು. ಖಾಲಿ ಹಾಲು. ಅಮ್ಮಾವ್ರು ನಡುನಡುವೆ ಪ್ರಶ್ನೆ ಕೇಳಿದರು, ಒಳ್ಳೊಳ್ಳೆಯ ಪ್ರಶ್ನೆಗಳನ್ನೇ ಕೇಳಿದರು.

"ಕೋರು ಜಾಸ್ತಿ ಇದ್ದಷ್ಟೂ ಕೆಲಸ ಬೇಗ ಆಗುತ್ತಾ?"

"ಹಂಚೋ ಹಾಗಿದ್ರೆ ಆಗುತ್ತಮ್ಮ. ಒಂದು ಶರ್ಟಿನ ಕೈ ಒಬ್ಬರು, ಕಾಲರು ಒಬ್ಬರು ಹೊಲೀಬಹುದು. ಒಂದು ಗುಂಡೀನ ಮೂವತ್ತೆರಡು ಜನ ಸೇರಿ ಹಚ್ಚೋಕಾಗಲ್ಲ."

ಟೈ ಕಟ್ಟಿದವನು ಇದನ್ನು ಬರೆದುಕೊಂಡ.

"ತಪ್ಪು ಮಾಡಿದ್ರೆ?"

"ಗೋದಾಮಿಂದ ಬರೋವಾಗಲೇ ಒಬ್ಬರು ಪರೀಕ್ಷೆ ಮಾಡ್ತಾರೆ. ಒಂದು ಹೊಲಿಗೆ ತಪ್ಪಿದ್ರೆ ಅಲ್ಲೇ ತಿದ್ದಿ ಕಳಿಸ್ತಾರೆ." ಇದು ಚೀಟಿಯಲ್ಲಿರಲಿಲ್ಲ. ಟೈ ಕಟ್ಟಿದವನು ಗೋಡೆಯ ಮೇಲೆ ತೋರಿಸಿದ ಚಿತ್ರದಿಂದ ದಾರದಣ್ಣ ತಾನೇ ಊಹಿಸಿದ್ದ. ಟೈ ಕಟ್ಟಿದವನು ತಲೆಯಾಡಿಸಿ, "ಸರಿಯಾಗಿದೆ," ಎಂದ. ಅವನ ಧ್ವನಿಯಲ್ಲಿ ಆಶ್ಚರ್ಯವಿತ್ತು.

"ಟರ್ಬೊ ಅಂತ ಇದೆಯಲ್ಲ?"

"ಉಳಿದೋರು ಸುಮ್ನೆ ಇದ್ದಾಗ ಒಬ್ಬನೇ ಜೋರಾಗಿ ಓಡ್ತಾನಮ್ಮ. ಗಲಾಟೆ ಇಲ್ಲ, ಬಿಸಿ ಇಲ್ಲ, ಕರೆಂಟೆಲ್ಲ ಅವನಿಗೇ."

ಅಮ್ಮಾವ್ರ ಮುಖ ಬೆಳಗಿತು. ಗಾಜಿಗೆ ಕೈ ಊರಿ ಬಹಳ ಹೊತ್ತು ಕೆಳಗೆ ನೋಡಿದರು. ಹೊಲಿಗೆ ಹಾಲನ್ನು ಅವರು ಅಷ್ಟು ಅಕ್ಕರೆಯಿಂದ ನೋಡಿದ್ದನ್ನು ದಾರದಣ್ಣ ಹಿಂದೆಂದೂ ಕಂಡಿರಲಿಲ್ಲ. "ಎಷ್ಟು ಚೆನ್ನಾಗಿದೆ," ಎಂದರು. "ಎಷ್ಟು ಸುಲಭವಾಗಿದೆ. ಇದನ್ನ ನಾಲ್ಕು ವರ್ಷದಿಂದ ಆ ಮೇಡಂ ಹೇಳ್ತಾನೇ ಇದಾರೆ, ನನಗೆ ತಲೆಗೇ ಹೋಗಿರ್ಲಿಲ್ಲ."

ಮೇಜಿಗೆ ಬಂದು ಕೂತು ಪೆನ್ನು ತೆಗೆದರು. ದಾರದಣ್ಣ ಗಡಿಯಾರ ನೋಡಿದ. ಐದಕ್ಕೆ ಏಳು ನಿಮಿಷವಿತ್ತು. ಸಹಿಗೆ ಒಂದು ನಿಮಿಷ, ಮೆಟ್ಟಿಲಿಗೆ ಎರಡು, ಮನೆಗೆ ಅರ್ಧ ಗಂಟೆ. 

ಅಮ್ಮಾವ್ರು ಒಂದು ಪುಟ ಪೂರ್ತಿ ಬರೆದರು. ಸಹಿಯೊಂದಕ್ಕೆ ಅಷ್ಟು ಉದ್ದ ಬೇಕಿರಲಿಲ್ಲ.

"ಯಂತ್ರ ಬೇಡ," ಎಂದರು.

"ಮೇಡಂ?" ಎಂದ ಟೈ ಕಟ್ಟಿದವನು.

"ಮೂವತ್ತೆರಡು ಕೋರು ನನ್ನ ಹತ್ರ ಆಗಲೇ ಇವೆಯಲ್ಲಪ್ಪಾ. ಇನ್ನೊಂದು ಸಲ ಯಾಕೆ ತಗೋಬೇಕು? ನನ್ನ ತಪ್ಪೇನು ಅಂದ್ರೆ ಇಷ್ಟು ವರ್ಷ ಒಂದೊಂದು ಕೋರಿಗೆ ಒಂದೊಂದೇ ಥ್ರೆಡ್ ಕೊಟ್ಟಿದೀನಿ." ಅವರು ಹಾಳೆಯನ್ನು ತಿರುಗಿಸಿ ಓದಿದರು. "ಸೋಮವಾರದಿಂದ ಪ್ರತಿ ಟೈಲರ ಪಕ್ಕ ಗುಂಡಿ ಹಚ್ಚೋ ಕೆಲಸದ ಬುಟ್ಟಿ ಇರುತ್ತೆ. ಬಟ್ಟೆ ಬರೋದು ತಡ ಆದ್ರೆ ಗುಂಡಿ ಹಚ್ತಾರೆ. ಕ್ಯಾಂಟೀನಿನವನು ಟೀ ಕೊಟ್ಟು ಬರೋವಾಗ ಖಾಲಿ ಕೈಯಲ್ಲಿ ಬರೋದು ಬೇಡ, ಹೊಲಿದ ಬಟ್ಟೆ ಎತ್ಕೊಂಡು ಬರ್ಲಿ. ಲೆಕ್ಕದವ್ರು ಗೋದಾಮಿನ ಎರಡನೇ ಬಾಗಿಲಲ್ಲಿ ಕೂತು ಲೆಕ್ಕ ಬರೀಲಿ."

"ಅಮ್ಮಾ," ಎಂದ ದಾರದಣ್ಣ. "ನನ್ನ ಸ್ಟಾಕ್ ಪುಸ್ತಕ?"

"ನಿಮ್ಮನ್ನ ಮರೀತೀನಾ? ಇದೆಲ್ಲ ನಿಮ್ಮ ತಲೆ. ನಿಮ್ಮದು ಇವತ್ತಿಂದಾನೇ." ಅವರು ಪ್ರೀತಿಯಿಂದಲೇ ಹೇಳಿದರು. "ಐದಕ್ಕೆ ಎಲ್ಲರೂ ಹೋಗ್ತಾರೆ. ನೀವೊಬ್ರೇ ಇರ್ತೀರ. ಗಲಾಟೆ ಇಲ್ಲ, ಬಿಸಿ ಇಲ್ಲ, ಕರೆಂಟೆಲ್ಲ ನಿಮಗೇ. ಏಳಕ್ಕೆ ಮುಗೀತಿದ್ದ ಪುಸ್ತಕ ಆರಕ್ಕೇ ಮುಗಿಯುತ್ತೆ."

ದಾರದಣ್ಣ ಬೆರಳು ಮಡಚಿದ. ಆರಕ್ಕೆ ಬಿಟ್ಟರೆ ಆರೂವರೆ. ಬಾಗಿಲಲ್ಲಿ ಎದುರುಬದುರಾಗಬಹುದು. ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತು ಸಿಕ್ಕರೂ ಮೂರು ವರ್ಷಕ್ಕೆ ಅದೇ ಜಾಸ್ತಿ.

"ಆರರಿಂದ ಎಂಟರ ತನಕ ಗೇಟಲ್ಲಿ ಬಂದು ಹೋದೋರ ಪುಸ್ತಕ," ಎಂದರು ಅಮ್ಮಾವ್ರು. "ಅದು ನಿಮ್ಮ ಎರಡನೇ ಥ್ರೆಡ್."

ಐದರ ಗಂಟೆ ಹೊಡೆಯಿತು. ಗಾಜಿನ ಕೆಳಗೆ ಮೂವತ್ತೆರಡು ಕೋರುಗಳು ಎದ್ದು, ಮೈ ಮುರಿದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟವು. ಲೈನ್ ಅಕ್ಕ ಮೇಲೆ ನೋಡಿ, ಆಯ್ತಾ ಎಂದು ಕೈಸನ್ನೆಯಲ್ಲೇ ಕೇಳಿದರು.  ದಾರದಣ್ಣ ಕೈ ಮುಗಿದ. ಆಕೆ ಅದನ್ನು ಒಳ್ಳೆಯ ಸುದ್ದಿಯೆಂದೇ ತಿಳಿದು ಚಪ್ಪಾಳೆ ತಟ್ಟುತ್ತಾ ಗೇಟು ದಾಟಿದರು.

ಅವನು ಕೆಳಗಿಳಿದು ಕಿಂಡಿಯ ಹಿಂದೆ ಕೂತ. ಪುಸ್ತಕ ತೆಗೆದು ಬೆಳಿಗ್ಗೆ ಬರೆದ ಸಾಲನ್ನು ಹೊಡೆದುಹಾಕಿದ. ಹಾಲು ನಿಶ್ಶಬ್ದವಾಗಿತ್ತು. ನಿಜಕ್ಕೂ ಗಲಾಟೆ ಇರಲಿಲ್ಲ, ಬಿಸಿಯೂ ಇರಲಿಲ್ಲ, ಕರೆಂಟೂ ಬೇಕಾದಷ್ಟಿತ್ತು. ಐದೂವರೆಯಾಯಿತು. ಅಲ್ಲಿ ಮೇಜಿನ ಮೇಲೆ ಎರಡೂ ತಟ್ಟೆ ಬಂದಿರುತ್ತವೆ ಎಂದುಕೊಂಡ. ಅದಕ್ಕಿಂತ ಮುಂದಕ್ಕೆ ಯೋಚಿಸಲು ಹೋಗಲಿಲ್ಲ.

ಕಿಂಡಿಯಲ್ಲಿ ಒಂದು ಟೈ ಕಾಣಿಸಿತು. ಯಂತ್ರ ಮಾರುವವನು ಬಗ್ಗಿ ಒಳಗೆ ನೋಡುತ್ತಿದ್ದ.

ಬೈಯಲು ಬಂದಿರಬೇಕು ಎಂದುಕೊಂಡು ದಾರದಣ್ಣ ಎದ್ದು ನಿಂತ. "ತಪ್ಪಾಯ್ತು ಸ್ವಾಮೀ. ನಿಮ್ಮ ವ್ಯಾಪಾರ ಕೆಡಿಸಿಬಿಟ್ಟೆ."

"ಕೆಡಿಸಿದ್ರಿ," ಎಂದ ಅವನು. "ಹನ್ನೆರಡು ವರ್ಷದಿಂದ ಈ ಪೆಟ್ಟಿಗೆ ಮಾರ್ತಿದೀನಿ ಅಣ್ಣಾ. ಇದು ಏನು ಅಂತ ಒಬ್ಬ ಗಿರಾಕಿಗೂ ಅರ್ಥ ಆಗಿಲ್ಲ. ಅರ್ಥ ಆಗಿಲ್ಲ ಅಂತಾನೇ ಎಲ್ಲರೂ ತಗೊಂಡಿದಾರೆ. ಅರ್ಥ ಮಾಡ್ಕೊಂಡೋರು ನಿಮ್ಮ ಅಮ್ಮಾವ್ರೇ ಮೊದಲು."

"ತಪ್ಪಾಯ್ತು."

"ಅಲ್ಲಣ್ಣಾ, ನಾನು ಹೇಳೋಕೆ ಬಂದಿದ್ದು ಬೇರೆ. ನೀವು ನಮ್ಮ ಕಂಪನಿಗೆ ಬಂದುಬಿಡಿ. ಗಿರಾಕಿಗಳ ಹತ್ರ ನಿಮ್ಮನ್ನ ಬಿಡಲ್ಲ. ನಮ್ಮವರಿಗೆ ಹೇಳ್ಕೊಡಿ, ಸಾಕು. ನಾವು ಇಪ್ಪತ್ತು ಜನ ಸೇರಿ ಇದನ್ನ ಮಾರ್ತೀವಿ, ಟರ್ಬೊ ಅಂದ್ರೆ ಏನು ಅಂತ ನನಗೆ ಇವತ್ತು ಗೊತ್ತಾಯ್ತು. ಸಂಬಳ ಇಲ್ಲಿಗಿಂತ ಜಾಸ್ತಿ. ಕೂರೋಕೆ ತಣ್ಣಗಿನ ರೂಮು. ಏನಂತೀರ?"

ದಾರದಣ್ಣ ಸಂಬಳ ಎಷ್ಟೆಂದು ಕೇಳಲಿಲ್ಲ. ರೂಮು ಎಷ್ಟು ತಣ್ಣಗಿದೆ ಎಂದೂ ಕೇಳಲಿಲ್ಲ. ಪೆನ್ನು ಕೆಳಗಿಟ್ಟು, ಕಿಂಡಿಯಿಂದ ತಲೆ ಹೊರಗೆ ಹಾಕಿ, ಯಾರಿಗೂ ಕೇಳಿಸದ ಹಾಗೆ ಒಂದೇ ಒಂದು ಮಾತು ಕೇಳಿದ.

"ಅಲ್ಲಿ ಐದಕ್ಕೆ ಬಿಡ್ತಾರಾ?"

ಟೈ ಕಟ್ಟಿದವನು ಟೈ ಸಡಿಲಿಸಿಕೊಂಡ.

"ಬೆಳಗಿನ ಐದಕ್ಕಾ?" ಎಂದ. "ಬಿಡ್ತಾರಣ್ಣಾ. ಒಂದೊಂದು ದಿನ."